ಇನ್ನೂ ಮೂವತ್ತು ಪಾಯಿಂಟಿಗೆ ಇನ್ನೊಂದು ಪರೀಕ್ಷೆಯಾ?

(ಅಟ್ಲಾಂಟಾ ಹತ್ತಿರದ ನಮ್ಮ ಕನ್ನಡ ಕೂಟದಲ್ಲಿ, ಹೈಸ್ಕೂಲ್ ಮಕ್ಕಳ ಅಪ್ಪ ಅಮ್ಮಂದಿರ ಮುಂದೆ ಆಡಿದ ಮಾತುಗಳ ಬರಹ ರೂಪ. ಇಲ್ಲಿ ಕಾಲೇಜು ಸೇರಲು ಇಂಗ್ಲಿಷ್, ಗಣಿತ ಸೇರಿ 1600 ಅಂಕಕ್ಕೆ ಬರೆಯುವ ಎಸ್‌ಎಟಿ ಪರೀಕ್ಷೆಯನ್ನು ಸ್ಕಾಲರ್‌ಶಿಪ್‌ಗೋಸ್ಕರ ಮತ್ತೆ ಬರೆಸಬೇಕಾ ಅನ್ನುವುದು ವಿಷಯ. ಕೊನೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಊಟಕ್ಕೆ ಮುಂಚೆ ನನ್ನ ಮಾತು ಇಟ್ಟಿದ್ದಾರೆ. ಪಕ್ಕದ ಕೋಣೆಯಿಂದ ಬಿಸಿಬೇಳೆ ಬಾತಿನ ವಾಸನೆ ಬರುತ್ತಿದೆ. ಮಧ್ಯದಲ್ಲಿ ಯಾರಾದರೂ ಎದ್ದು ಹೋದರೆ ನಾನೇನೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಮೊದಲೇ ಹೇಳಿಬಿಡುತ್ತೇನೆ, ನಾನು ಕಾಲೇಜ್ ಕೌನ್ಸೆಲರ್ ಅಲ್ಲ. ನಿಮ್ಮ ಹಾಗೇ ಸಾಫ್ಟ್‌ವೇರ್ ಕೆಲಸ ಮಾಡುವವನು. ಇಬ್ಬರು ಮಕ್ಕಳನ್ನು ಕಾಲೇಜಿಗೆ ಕಳಿಸಿದ್ದೇನೆ. ಇಬ್ಬರಿಗೂ ಎಸ್‌ಎಟಿ ವಿಷಯದಲ್ಲಿ ಒಂದೊಂದು ತಪ್ಪು ಮಾಡಿದ್ದೇನೆ. ತಪ್ಪು ಮಾಡಿದ್ದು ಅವರಲ್ಲ, ನಾನು. ಅದಕ್ಕೇ ನನ್ನನ್ನು ಕರೆದಿದ್ದಾರೆ ಅಂದುಕೊಂಡಿದ್ದೇನೆ.

ಹೋದ ತಿಂಗಳು ಪರಿಚಯದವರೊಬ್ಬರು ಫೋನ್ ಮಾಡಿದರು. 'ಸಾರ್, ಮಗನಿಗೆ 1390 ಬಂದಿದೆ. ಸ್ಕಾಲರ್‌ಶಿಪ್‌ಗೆ ಇನ್ನೊಂದು ಸಲ ಬರೆಸೋಣವಾ?' 'ಯಾವ ಕಾಲೇಜಿನ ಸ್ಕಾಲರ್‌ಶಿಪ್‌ಗೆ?' ಅಂತ ಕೇಳಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, 'ಹಾಗೇನಿಲ್ಲ ಸಾರ್, ಜನರಲ್ ಆಗಿ' ಅಂದರು.

ಇವತ್ತು ನಾನು ಹೇಳಬೇಕಾಗಿರುವುದೆಲ್ಲ ಈ 'ಜನರಲ್ ಆಗಿ' ಅನ್ನುವುದರ ಬಗ್ಗೆಯೇ.

ನಾವು ಎಲ್ಲಿಂದ ಬಂದವರು ನೋಡಿ. ಸಿಇಟಿ ಬರೆದು ಬಂದವರು. ಅಲ್ಲಿ ಒಂದು ಮಾರ್ಕು ಹೋದರೆ ರ್‍ಯಾಂಕಿನಲ್ಲಿ ನೂರಾರು ಜನ ನಮ್ಮನ್ನು ದಾಟಿ ಹೋಗುತ್ತಿದ್ದರು. ರ್‍ಯಾಂಕ್ ಕೆಳಗೆ ಹೋದರೆ ಸೀಟು ಕೈತಪ್ಪುತ್ತಿತ್ತು, ಸೀಟು ಸಿಕ್ಕರೂ ಬೇರೆ ಬ್ರಾಂಚು. ಹಾಗಾಗಿ ಪ್ರತಿ ಮಾರ್ಕಿಗೂ ಬೆಲೆ ಇತ್ತು. ಅದು ಇಳಿಜಾರು ರಸ್ತೆಯ ಹಾಗೆ. ಒಂದು ಹೆಜ್ಜೆ ಹಿಂದೆ ಸರಿದರೂ ಕೆಳಗೆ ಬಂದ ಹಾಗೇ. ಈಗ ನಮ್ಮೂರಲ್ಲೂ ಎಸ್‌ಎಸ್‌ಎಲ್‌ಸಿ, ಪಿಯುಸಿಗೆ 2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಬಂದಿದೆ. ಯಾವುದರಲ್ಲಿ ಜಾಸ್ತಿ ಬಂತೋ ಆ ಅಂಕ ಉಳಿಸಿಕೊಳ್ಳಬಹುದು. ಊರಿಂದ ಫೋನ್ ಮಾಡುವ ಅತ್ತೆ ಮಾವಂದಿರಿಗೂ ಗೊತ್ತು, ಇನ್ನೊಂದು ಸಲ ಬರೆದರೆ ಕಳೆದುಕೊಳ್ಳುವುದು ಏನೂ ಇಲ್ಲ ಅಂತ.

ಇಲ್ಲಿನ ಮೆರಿಟ್ ಸ್ಕಾಲರ್‌ಶಿಪ್, ಅಂದರೆ ಅಂಕ ನೋಡಿ ಕೊಡುವ ದುಡ್ಡು, ಇಳಿಜಾರು ಅಲ್ಲ, ಮೆಟ್ಟಿಲು. ಒಂದು ಮೆಟ್ಟಿಲ ಮೇಲೆ ನೀವು ಹಿಂದೆ ನಿಂತರೂ ಒಂದೇ, ಮುಂದೆ ನಿಂತರೂ ಒಂದೇ. ಮುಂದಿನ ಮೆಟ್ಟಿಲಿಗೆ ಕಾಲಿಟ್ಟರೆ ಮಾತ್ರ ದುಡ್ಡು ಬದಲಾಗುತ್ತದೆ.

ಇದಕ್ಕೆ ತುಂಬ ಸ್ಪಷ್ಟವಾದ ಉದಾಹರಣೆ ನಮ್ಮ ಪಕ್ಕದ ರಾಜ್ಯದ್ದೇ. ಯೂನಿವರ್ಸಿಟಿ ಆಫ್ ಅಲಬಾಮಾ. ಅವರು ಒಂದು ಕೋಷ್ಟಕ ಹಾಕುತ್ತಾರೆ. ಜಿಪಿಎ (ಹೈಸ್ಕೂಲ್ ಗ್ರೇಡುಗಳ ಸರಾಸರಿ) ಇಷ್ಟು, ಸ್ಕೋರ್ ಇಷ್ಟು, ದುಡ್ಡು ಇಷ್ಟು. ಪ್ರಬಂಧ ಬೇಡ, ಸಂದರ್ಶನ ಬೇಡ. ಮಗನಿಗೋಸ್ಕರ ನಾನು 2023ರ ಸುಮಾರಿಗೆ ನೋಡಿದಾಗ, ಜಿಪಿಎ ಚೆನ್ನಾಗಿರುವ ಹೊರ ರಾಜ್ಯದ ಮಕ್ಕಳಿಗೆ 1360ರಿಂದ 1410ರವರೆಗೆ ವರ್ಷಕ್ಕೆ 24,000 ಡಾಲರ್ ಇತ್ತು. 1420 ಮುಟ್ಟಿದರೆ 28,000. ಇಂಥ ಕೋಷ್ಟಕಗಳು ವರ್ಷ ವರ್ಷ ಬದಲಾಗುತ್ತವೆ, ನೀವು ಈ ವರ್ಷದ್ದೇ ನೋಡಿಕೊಳ್ಳಿ. ಆದರೆ ಮೆಟ್ಟಿಲು ಹೇಗೆ ಕೆಲಸ ಮಾಡುತ್ತದೆ ಅನ್ನುವುದನ್ನು ಗಮನಿಸಿ. 1360 ತೆಗೆದ ಹುಡುಗಿ, 1410 ತೆಗೆದ ಹುಡುಗ, ಇಬ್ಬರಿಗೂ ಒಂದೇ ದುಡ್ಡು. ನಡುವಿನ ಐವತ್ತು ಪಾಯಿಂಟಿಗೆ ಒಂದು ಸೆಂಟೂ ಇಲ್ಲ. 1410ಕ್ಕೂ 1420ಕ್ಕೂ ನಡುವಿನ ಹತ್ತೇ ಹತ್ತು ಪಾಯಿಂಟಿಗೆ ನಾಲ್ಕು ವರ್ಷಕ್ಕೆ 16,000 ಡಾಲರ್.

ಹಾಗಾದರೆ 1390 ಬಂದ ಹುಡುಗ ಮತ್ತೆ ಬರೆಯಬೇಕಾ? ಅವನು ಅಲಬಾಮಾಗೆ ಹೋಗುವವನಾದರೆ ಇದು ಸರಿಯಾದ ಪ್ರಶ್ನೆ. ಹೋಗುವವನಲ್ಲದಿದ್ದರೆ ಪ್ರಶ್ನೆಯೇ ಅಲ್ಲ.

ಮೆಟ್ಟಿಲೇ ಇಲ್ಲದ ಕಡೆಯೂ ಇದೆ. ನನ್ನ ಮೊದಲ ತಪ್ಪು ಆದದ್ದು ಅಲ್ಲೇ. ಮಗಳಿಗೆ ಹನ್ನೊಂದನೇ ಕ್ಲಾಸಿನಲ್ಲಿ 1510 ಬಂದಿತ್ತು. ಅವಳ ಪಟ್ಟಿಯಲ್ಲಿ ಜಾರ್ಜಿಯಾ ಟೆಕ್ ಇತ್ತು, ಉಳಿದವು ಮೇಲುಗಡೆಯ ದೊಡ್ಡ ದೊಡ್ಡ ಹೆಸರುಗಳು. 'ಸ್ಕಾಲರ್‌ಶಿಪ್‌ಗೆ ಇನ್ನೂ ಸ್ವಲ್ಪ ಇದ್ದರೆ ಒಳ್ಳೆಯದು' ಅಂತ ಅಕ್ಟೋಬರ್‌ನಲ್ಲಿ ಮತ್ತೆ ಬರೆಸಿದೆ. ಮನೆಯಲ್ಲಿ ಗೊಂಬೆ ಕೂರಿಸಿದ್ದ ವಾರ ಅದು. ಕೂಟದ ದಸರಾ ಕಾರ್ಯಕ್ರಮದಲ್ಲಿ ಅವಳದ್ದೊಂದು ನೃತ್ಯ ಇತ್ತು, ಅದನ್ನು ಬಿಡಿಸಿದೆ. 1520 ಬಂತು. ಆಮೇಲೆ ಒಂದು ರಾತ್ರಿ ಕೂತು ಓದಿದೆ. ಹಾರ್ವರ್ಡ್, ಯೇಲ್‌ನಂಥವು ಸೇರಿದ ಐವಿ ಲೀಗಿನ ಎಂಟು ಕಾಲೇಜುಗಳೂ ಮೆರಿಟ್ ಸ್ಕಾಲರ್‌ಶಿಪ್ ಕೊಡುವುದೇ ಇಲ್ಲ. ಎಂಐಟಿಯೂ ಇಲ್ಲ. ಅವರು ಕೊಡುವುದು ಮನೆಯ ಆದಾಯ ನೋಡಿ. ಅಪ್ಪನ ಸಂಬಳ ನೋಡಿ ಕೊಡುವ ದುಡ್ಡಿಗೆ ಮಗಳ ಕೈಯಲ್ಲಿ ಪರೀಕ್ಷೆ ಬರೆಸಿದ್ದೆ ನಾನು! ಅಡ್ಮಿಷನ್‌ಗಾದರೂ ಉಪಯೋಗ ಆಯಿತಾ ಅಂದರೆ, 1510 ಇದ್ದವಳಿಗೆ 1520ರಿಂದ ಏನಾಗುತ್ತದೆ ಹೇಳಿ. ನೃತ್ಯದ ವಿಷಯ ಅವಳು ಈಗಲೂ ಎತ್ತುತ್ತಾಳೆ.

ಕ್ಯಾಲಿಫೋರ್ನಿಯಾದ್ದು ಇನ್ನೊಂದು ಕಥೆ. ಅಲ್ಲಿ ನಮ್ಮ ಜನ ಎಷ್ಟಿದ್ದಾರೆ ಅಂತ ನಿಮಗೇ ಗೊತ್ತು. ಬರ್ಕ್ಲಿ, ಯುಸಿಎಲ್‌ಎ ಸೇರಿ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ (ಯುಸಿ) ಒಂಬತ್ತು ಕ್ಯಾಂಪಸ್‌ಗಳು ಎಸ್‌ಎಟಿ ಅಂಕವನ್ನು ಅಡ್ಮಿಷನ್‌ಗೂ ನೋಡುವುದಿಲ್ಲ, ಸ್ಕಾಲರ್‌ಶಿಪ್‌ಗೂ ನೋಡುವುದಿಲ್ಲ. ಅಂಕ ಬಿಡುವ ದಾರಿ ಶುರುವಾದದ್ದು 2020ರ ಮೇ ತಿಂಗಳ ತೀರ್ಮಾನದಿಂದ. ಆ ರಾಜ್ಯದ ಇನ್ನೊಂದು ಸರ್ಕಾರಿ ಗುಂಪಾದ ಕ್ಯಾಲ್ ಸ್ಟೇಟ್ ಕಾಲೇಜುಗಳೂ 2022ರಲ್ಲಿ ಕೈಬಿಟ್ಟವು. ಅಷ್ಟಾದರೂ ಸ್ಯಾನ್ ಹೋಸೆಯಲ್ಲಿರುವ ನನ್ನ ಸ್ನೇಹಿತರೊಬ್ಬರು ಮಗನಿಗೆ ಮೂರನೇ ಸಲ ಬರೆಸಿದರು. ಅವನು ಅರ್ಜಿ ಹಾಕಿದ್ದೆಲ್ಲ ಯುಸಿಗಳಿಗೇ. 'ಇರಲಿ ಅಂತ' ಅಂದರು. ಆ 'ಇರಲಿ' ಅನ್ನುವ ಮಾತಿಗೆ ನಾವು ಕನ್ನಡಿಗರು ಎಷ್ಟು ಖರ್ಚು ಮಾಡುತ್ತೇವೋ!

ಈಗ ನಮ್ಮ ಜಾರ್ಜಿಯಾಕ್ಕೆ ಬರೋಣ. ಹೋಪ್ ಸ್ಕಾಲರ್‌ಶಿಪ್ 1993ರಲ್ಲಿ ಶುರುವಾಯಿತು. ದುಡ್ಡು ಬರುವುದು ರಾಜ್ಯದ ಲಾಟರಿಯಿಂದ. ಗ್ಯಾಸ್ ಸ್ಟೇಷನ್ನಿನಲ್ಲಿ ಕೆರೆಯುವ ಟಿಕೆಟ್ ಕೊಂಡು ಸೋಲುತ್ತಾರಲ್ಲ, ನಮ್ಮ ಮಕ್ಕಳ ಫೀಸು ಕಟ್ಟುವವರು ಅವರೇ. ಹೋಪ್‌ಗೆ ಎಸ್‌ಎಟಿ ಬೇಕಿಲ್ಲ, 3.0 ಜಿಪಿಎ ಬೇಕು. ಅದರ ಮೇಲಿನದ್ದು ಝೆಲ್ ಮಿಲ್ಲರ್. ಅದಕ್ಕೆ 3.7 ಜಿಪಿಎ, ಜೊತೆಗೆ ಎಸ್‌ಎಟಿಯಲ್ಲಿ 1200 ಅಥವಾ ಅಂಥದ್ದೇ ಇನ್ನೊಂದು ಪರೀಕ್ಷೆ ಎಸಿಟಿಯಲ್ಲಿ 25. ಈ ಜಿಪಿಎ ಸ್ಕೂಲಿನವರು ಮಾರ್ಕ್ಸ್ ಕಾರ್ಡಿನಲ್ಲಿ ಹಾಕುವ ಜಿಪಿಎ ಅಲ್ಲ. ರಾಜ್ಯದವರು ಮುಖ್ಯ ವಿಷಯಗಳನ್ನು ಮಾತ್ರ ತೆಗೆದುಕೊಂಡು ತಾವೇ ಲೆಕ್ಕ ಹಾಕುತ್ತಾರೆ.

ಇಷ್ಟು ವರ್ಷ ಎಲ್ಲರೂ ಹೇಳುತ್ತಿದ್ದದ್ದು, 'ಹೋಪ್ ಅಂದರೆ ಸ್ವಲ್ಪ ಫೀಸು ನಾವು ಕಟ್ಟಬೇಕು, ಝೆಲ್ ಅಂದರೆ ಪೂರ್ತಿ' ಅಂತ. ಆದರೆ 2023ರಿಂದ ಸರ್ಕಾರಿ ಕಾಲೇಜುಗಳಲ್ಲಿ ಹೋಪ್ ಕೂಡ ಪೂರ್ತಿ ಫೀಸು ಕೊಡುತ್ತಿದೆ. ಹಾಸ್ಟೆಲ್, ಊಟ, ಇತರ ಶುಲ್ಕ ಎರಡರಲ್ಲೂ ನಮ್ಮದೇ. ಅಂದರೆ 1180 ಬಂದ ಮಗುವನ್ನು ಝೆಲ್ ಸಿಗಲಿ ಅಂತಲೇ ಮತ್ತೆ ಪರೀಕ್ಷೆಗೆ ಕೂರಿಸುವ ಮುಂಚೆ ಒಂದು ಮಾತು ಕೇಳಿಕೊಳ್ಳಿ. ಅವನು ಹೋಗುವುದು ಸರ್ಕಾರಿ ಕಾಲೇಜಿಗಾ, ಖಾಸಗಿಗಾ? ಖಾಸಗಿಯಾದರೆ ವ್ಯತ್ಯಾಸ ಇದೆ. ಸರ್ಕಾರಿಯಾದರೆ ಈಗಿನ ಮಟ್ಟಿಗೆ ಅಷ್ಟಾಗಿ ಇಲ್ಲ. ಬಜೆಟ್ಟು ಬದಲಾದರೆ ಇದೂ ಬದಲಾಗಬಹುದು, ಆ ಮಾತು ಬೇರೆ.

ಒಂದು ಸೂಕ್ಷ್ಮ ಇದೆ, ತುಂಬ ಜನ ಇಲ್ಲೇ ಎಡವುತ್ತಾರೆ. ಸೂಪರ್‌ಸ್ಕೋರ್ ಅನ್ನುತ್ತಾರಲ್ಲ, ಬೇರೆ ಬೇರೆ ದಿನದ ಪರೀಕ್ಷೆಗಳಿಂದ ಇಂಗ್ಲಿಷಿನ ಅತಿ ಹೆಚ್ಚಿನ ಅಂಕ, ಗಣಿತದ ಅತಿ ಹೆಚ್ಚಿನ ಅಂಕ ಆರಿಸಿ ಕೂಡಿಸುವುದು. ಝೆಲ್ ಮಿಲ್ಲರ್‌ಗೆ ಅದು ನಡೆಯುವುದಿಲ್ಲ. ಒಂದೇ ದಿನ ಬರೆದ ಪರೀಕ್ಷೆಯಲ್ಲಿ 1200 ಇರಬೇಕು. ಪಕ್ಕದ ಫ್ಲೋರಿಡಾ ರಾಜ್ಯದ ಬ್ರೈಟ್ ಫ್ಯೂಚರ್ಸ್ ಅನ್ನುವ ಸ್ಕಾಲರ್‌ಶಿಪ್‌ನಲ್ಲಿ ನಡೆಯುತ್ತದೆ. ಒಂದು ಮಗು ಮಾರ್ಚ್‌ನಲ್ಲಿ ಇಂಗ್ಲಿಷ್ 580, ಗಣಿತ 600 ತೆಗೆಯಿತು ಅಂದುಕೊಳ್ಳಿ. ಆಗಸ್ಟ್‌ನಲ್ಲಿ ಇಂಗ್ಲಿಷ್ 620, ಗಣಿತ 560. ಎರಡೂ ಸಲ ಮೊತ್ತ 1180. ಜಾರ್ಜಿಯಾದಲ್ಲಿ ಅದು 1180. ಫ್ಲೋರಿಡಾದಲ್ಲಿ 1220. ಅಲ್ಲಿ 1210ಕ್ಕೆ ಮೆಡಾಲಿಯನ್ ಅಂತ ಒಂದು ಮೆಟ್ಟಿಲಿದೆ, ಸರ್ಕಾರಿ ಕಾಲೇಜಿನ ಮುಕ್ಕಾಲು ಫೀಸು ಸಿಗುತ್ತದೆ. ಮಗು ಅದೇ, ಅಂಕವೂ ಅದೇ. ಗಡಿ ದಾಟಿದರೆ ಲೆಕ್ಕ ಬೇರೆ.

ಮತ್ತೆ ಬರೆದದ್ದಕ್ಕೆ ಸಾರ್ಥಕ ಆದದ್ದನ್ನೂ ಹೇಳಬೇಕು, ಇಲ್ಲವಾದರೆ ಬೇಡ ಬೇಡ ಅನ್ನಲಿಕ್ಕೇ ಬಂದವನ ಹಾಗೆ ಕಾಣುತ್ತೇನೆ. ಫ್ಲೋರಿಡಾದಲ್ಲಿರುವ ನಮ್ಮ ಷಡ್ಡಕರ ಮಗಳಿಗೆ 1330 ಬಂದಿತ್ತು. ಅಲ್ಲಿ ಮೇಲಿನ ಮೆಟ್ಟಿಲು 1340. ಅದು ಮುಟ್ಟಿದರೆ ಪೂರ್ತಿ ಫೀಸು, ಮುಟ್ಟದಿದ್ದರೆ ಮುಕ್ಕಾಲು. ಜಿಪಿಎ ಇತ್ತು, ನೂರು ಗಂಟೆ ಸಮಾಜಸೇವೆಯೂ ಆಗಿತ್ತು. ಬೇಕಿದ್ದದ್ದು ಹತ್ತೇ ಪಾಯಿಂಟು. ಅವಳು ಇಂಗ್ಲಿಷ್ ಕಡೆ ತಿರುಗಿಯೂ ನೋಡಲಿಲ್ಲ. ಆರು ವಾರ ಬರೀ ಗಣಿತ ಓದಿದಳು. ಪರೀಕ್ಷೆಯ ದಿನ ಇಂಗ್ಲಿಷ್ ನಲವತ್ತು ಪಾಯಿಂಟ್ ಕಡಿಮೆ ಬಂತು, ಗಣಿತ ಮೂವತ್ತು ಜಾಸ್ತಿ ಬಂತು. ಸೂಪರ್‌ಸ್ಕೋರ್ ಇದ್ದದ್ದರಿಂದ ಮೊದಲ ಸಲದ ಇಂಗ್ಲಿಷ್ ಹಾಗೇ ಉಳಿದು 1360 ಆಯಿತು. ಅವಳಿಗೆ ಬೇಕಾದ ಕಾಲೇಜು ಗೊತ್ತಿತ್ತು, ಮೆಟ್ಟಿಲು ಗೊತ್ತಿತ್ತು, ಲೆಕ್ಕ ಹಾಕುವ ರೀತಿಯೂ ಗೊತ್ತಿತ್ತು.

ಇನ್ನೊಂದು ವಿಷಯ, ಇದನ್ನು ವೇದಿಕೆಯ ಮೇಲೆ ಹೇಳಲು ಸ್ವಲ್ಪ ಸಂಕೋಚ. ಇಲ್ಲಿ ಕೂತವರಲ್ಲಿ ಹಲವರ ಮಕ್ಕಳು ಇನ್ನೂ ಎಚ್-4 ವೀಸಾದಲ್ಲಿದ್ದಾರೆ, ಅಂದರೆ ಅಪ್ಪ ಅಮ್ಮನ ಕೆಲಸದ ವೀಸಾದ ಅವಲಂಬಿತರಾಗಿ. ಗ್ರೀನ್ ಕಾರ್ಡಿನ ಕ್ಯೂ ನಮಗೆಲ್ಲ ಗೊತ್ತಿರುವುದೇ. ಹೋಪ್, ಝೆಲ್ ಮಿಲ್ಲರ್ ಸಿಗಬೇಕಾದರೆ ಮಗು ಅಮೆರಿಕದ ಪ್ರಜೆಯಾಗಿರಬೇಕು, ಇಲ್ಲವೇ ಗ್ರೀನ್ ಕಾರ್ಡಿನಂಥ ಸ್ಥಾನಮಾನ ಇರಬೇಕು. ಎಚ್-4 ಮಗು 1600 ತೆಗೆದರೂ ಆ ದುಡ್ಡು ಬರುವುದಿಲ್ಲ. ಕೇಂದ್ರ ಸರ್ಕಾರದ ಸಹಾಯವೂ ಇಲ್ಲ. ಯೂನಿವರ್ಸಿಟಿಗಳು ತಮ್ಮದೇ ದುಡ್ಡಿನಿಂದ ಕೊಡುವ ಮೆರಿಟ್ ಸ್ಕಾಲರ್‌ಶಿಪ್ ಹಲವು ಕಡೆ ಸಿಗುತ್ತದೆ, ಅದನ್ನು ಹುಡುಕಿ. ಅಡ್ಡ ಬಂದದ್ದು ವೀಸಾ ಅಂತ ಗೊತ್ತಿಲ್ಲದೆ, ಅಂಕ ಸಾಲಲಿಲ್ಲ ಅಂದುಕೊಂಡು ಕೊರಗುವ ಮಕ್ಕಳನ್ನು ನೋಡಿದ್ದೇನೆ.

ನ್ಯಾಷನಲ್ ಮೆರಿಟ್ ಅನ್ನುವ ದೇಶಮಟ್ಟದ ಸ್ಕಾಲರ್‌ಶಿಪ್ ಬಗ್ಗೆ ಒಂದೇ ಮಾತು. ಅದಕ್ಕೆ ಲೆಕ್ಕಕ್ಕೆ ಬರುವುದು ಹನ್ನೊಂದನೇ ಕ್ಲಾಸಿನ ಅಕ್ಟೋಬರ್‌ನಲ್ಲಿ ಬರೆಯುವ ಪಿಎಸ್‌ಎಟಿ, ಎಸ್‌ಎಟಿಗೆ ಮುಂಚಿನ ಪರೀಕ್ಷೆ. ಮತ್ತೆ ಬರೆಯುವ ಮಾತೇ ಇಲ್ಲ. ಅದರಲ್ಲಿ ಇಂಗ್ಲಿಷಿಗೆ ಗಣಿತದ ಎರಡರಷ್ಟು ತೂಕ. ನಮ್ಮ ಮನೆಗಳಲ್ಲಿ ಗಣಿತದ ಟ್ಯೂಷನ್ ಜಾಸ್ತಿ, ಓದುವ ಪುಸ್ತಕ ಕಡಿಮೆ ಅಲ್ವಾ, ಅದಕ್ಕೆ ಹೇಳಿದೆ. ಅಂದ ಹಾಗೆ, ನಾನು ಟ್ಯೂಷನ್ ಅಂದದ್ದು ಊರಿನ ಅರ್ಥದಲ್ಲಿ. ಇಲ್ಲಿ ಟ್ಯೂಷನ್ ಅಂದರೆ ಕಾಲೇಜು ಫೀಸು. ಮೊದಲ ವರ್ಷ ಒಂದು ಯೂನಿವರ್ಸಿಟಿಯವರು 'ಟ್ಯೂಷನ್ ಉಚಿತ' ಅಂದಾಗ ನನ್ನ ಹೆಂಡತಿ 'ನಮ್ಮ ಹುಡುಗನಿಗೆ ಅದರ ಅಗತ್ಯ ಇಲ್ಲ' ಅಂದುಬಿಟ್ಟಿದ್ದಳು.

ಸರಿ, ಮೆಟ್ಟಿಲು ಇದೆ, ಹತ್ತಿರದಲ್ಲೇ ಇದೆ ಅಂತಿಟ್ಟುಕೊಳ್ಳಿ. ಬರೆದರೆ ಅಂಕ ಏರುತ್ತದಾ? ಪರೀಕ್ಷೆ ನಡೆಸುವ ಕಾಲೇಜ್ ಬೋರ್ಡೇ ಹಳೇ ಮಾದರಿಯ ಪರೀಕ್ಷೆ ಇದ್ದಾಗ ಒಂದು ಲೆಕ್ಕ ಕೊಟ್ಟಿತ್ತು. ಹನ್ನೊಂದರಲ್ಲಿ ಬರೆದು ಹನ್ನೆರಡರಲ್ಲಿ ಮತ್ತೆ ಬರೆದವರಲ್ಲಿ ನೂರಕ್ಕೆ 55 ಜನರ ಅಂಕ ಏರಿತು, 35 ಜನರದ್ದು ಇಳಿಯಿತು, 10 ಜನರದ್ದು ಹಾಗೇ ಉಳಿಯಿತು. ಮೊದಲ ಸಲದ ಅಂಕ ಜಾಸ್ತಿ ಇದ್ದಷ್ಟೂ ಎರಡನೇ ಸಲ ಇಳಿಯುವ ಸಾಧ್ಯತೆ ಜಾಸ್ತಿ ಅಂತಲೂ ಹೇಳಿತ್ತು. ಯೋಚಿಸಿದರೆ ಸಹಜವೇ. ತುಂಬ ಚೆನ್ನಾಗಿ ಬಂದ ದಿನದಲ್ಲಿ ಅದೃಷ್ಟದ ಪಾಲೂ ಸ್ವಲ್ಪ ಇರುತ್ತದೆ, ಅದು ಎರಡನೇ ಸಲವೂ ಬಂದು ಪಕ್ಕದಲ್ಲಿ ಕೂರುವುದಿಲ್ಲ. ಈಗಲೂ ಸ್ಕೋರ್ ರಿಪೋರ್ಟಿನಲ್ಲಿ ಅಂಕದ ಪಕ್ಕ ಒಂದು ವ್ಯಾಪ್ತಿ ಕೊಡುತ್ತಾರೆ, ಮೊತ್ತಕ್ಕೆ ಸುಮಾರು 40 ಪಾಯಿಂಟ್ ಆಚೆ ಈಚೆ. ಅಂದರೆ ಏನೂ ಓದದೆ ಮತ್ತೆ ಬರೆದರೂ 1390 ಬಂದವನಿಗೆ 1420 ಬರಬಹುದು, 1360ಕ್ಕೂ ಇಳಿಯಬಹುದು.

ಅದಕ್ಕೇ ನಾನು ಮಕ್ಕಳಿಗೆ ಹೇಳುವುದು ಇಷ್ಟು. ಪರೀಕ್ಷೆ ನಡೆಯುವ ಬ್ಲೂಬುಕ್ ಆ್ಯಪಿನಲ್ಲೇ ಪೂರ್ತಿ ಮಾದರಿ ಪರೀಕ್ಷೆಗಳಿವೆ, ದುಡ್ಡಿಲ್ಲ. ಎರಡು ಶನಿವಾರ ಬೆಳಿಗ್ಗೆ ಫೋನ್ ಅಮ್ಮನ ಕೈಗೆ ಕೊಟ್ಟು, ಸಮಯ ಹಾಕಿ ಬರಿ. ಎರಡು ಗಂಟೆ ಹದಿನಾಲ್ಕು ನಿಮಿಷ. ಎರಡೂ ಸಲ ಮೆಟ್ಟಿಲಿಗಿಂತ ಮೇಲೆ ಬಂದರೆ ಹೋಗಿ ಬರಿ. ಒಂದು ಸಲವೂ ಬರದಿದ್ದರೆ, ಪರೀಕ್ಷೆಯ ದಿನವೇ ಪವಾಡ ಆಗಲಿ ಅಂತ ಯಾಕೆ ಕಾಯಬೇಕು?

ತಪ್ಪಾದ ಪ್ರಶ್ನೆಗಳನ್ನೂ ಬಿಡಿಸಿ ನೋಡಿ. ಅಲ್ಪವಿರಾಮ, ಅರ್ಧವಿರಾಮದ ನಿಯಮ ಗೊತ್ತಿಲ್ಲದೆ ಹೋದ ಅಂಕ ಒಂದು ತಿಂಗಳಲ್ಲಿ ವಾಪಸ್ ಬರುತ್ತದೆ. ಡೆಸ್ಮಾಸ್ ಕ್ಯಾಲ್ಕುಲೇಟರ್ ಪರೀಕ್ಷೆಯ ಒಳಗೇ ಇದೆ, ಅದನ್ನು ಬಳಸಲು ಬರದೆ ಹೋದ ಅಂಕವೂ ಬರುತ್ತದೆ. ಓದುವ ವೇಗ ಸಾಲದೆ ಹೋದ ಅಂಕ ಅಷ್ಟು ಬೇಗ ಬರುವುದಿಲ್ಲ. ಅದು ಆರನೇ ಕ್ಲಾಸಿನಿಂದ ಬಾಕಿ ಉಳಿದ ಸಾಲ. ಮತ್ತೊಂದು, ಈಗಿನ ಡಿಜಿಟಲ್ ಪರೀಕ್ಷೆಯಲ್ಲಿ ಪ್ರತಿ ವಿಷಯಕ್ಕೂ ಎರಡು ಭಾಗ. ಮೊದಲ ಭಾಗ ಹೇಗೆ ಮಾಡಿದಿರಿ ಅನ್ನುವುದರ ಮೇಲೆ ಎರಡನೆಯದು ಕಷ್ಟದ್ದೋ ಸುಲಭದ್ದೋ ಬರುತ್ತದೆ. ಸುಲಭದ್ದು ಬಂದರೆ ಎಲ್ಲ ಸರಿ ಮಾಡಿದರೂ ಮೇಲಿನ ಅಂಕಗಳು ಸಿಗುವುದಿಲ್ಲ. 'ಎರಡನೇ ಭಾಗ ತುಂಬ ಸುಲಭ ಇತ್ತು ಅಪ್ಪಾ' ಅಂತ ಮಗು ಖುಷಿಯಿಂದ ಬಂದರೆ, ಪಾಯಸ ಮಾಡುವ ಮುಂಚೆ ಸ್ವಲ್ಪ ತಡೆಯಿರಿ.

ಇನ್ನು ನನ್ನ ಎರಡನೇ ತಪ್ಪು. ಮಗನಿಗೆ ಹನ್ನೊಂದರ ಮಾರ್ಚ್‌ನಲ್ಲಿ 1400 ಬಂತು. ಮಗಳ ವಿಷಯದಲ್ಲಿ ಪಾಠ ಕಲಿತಿದ್ದೆ, ಮೆಟ್ಟಿಲು ಹುಡುಕಿದೆ. ಆಗಲೇ ಹೇಳಿದ ಅಲಬಾಮಾ ಕೋಷ್ಟಕ ಸಿಕ್ಕಿತು. 1420ಕ್ಕೆ ಇಪ್ಪತ್ತೇ ಕಡಿಮೆ. ಬೇಸಿಗೆ ಪೂರ್ತಿ ಓದಿಸಿದೆ. ಆ ವರ್ಷ ಊರಿಗೆ ಹೋಗಲಿಲ್ಲ, ತುಮಕೂರಿನಲ್ಲಿ ನಮ್ಮಮ್ಮ ಹಲಸಿನ ಹಪ್ಪಳ ಮಾಡಿಟ್ಟುಕೊಂಡು ಕಾದರು. ಆಗಸ್ಟ್‌ನಲ್ಲಿ ಬರೆದ. 1380 ಬಂತು.

ಆಮೇಲೆ ಅವನೇ ಒಂದು ಹಾಳೆ ತಂದು ಮುಂದಿಟ್ಟ. ಅಲಬಾಮಾದಲ್ಲಿ ಹೊರ ರಾಜ್ಯದವರ ಫೀಸೇ ಆಗ 30,000 ಡಾಲರ್ ದಾಟಿತ್ತು. ಅದರಲ್ಲಿ 28,000 ಕಳೆದರೂ ಫೀಸಿನ ಬಾಕಿ ಉಳಿಯುತ್ತದೆ, ಅದರ ಮೇಲೆ ಹಾಸ್ಟೆಲ್ಲು, ಊಟ. ಇಲ್ಲಿನ ಸರ್ಕಾರಿ ಕಾಲೇಜಿನಲ್ಲಿ ಹೋಪ್ ಬಂದರೆ ಫೀಸೇ ಇಲ್ಲ. ಹಾಸ್ಟೆಲ್ಲು, ಊಟ ಎರಡು ಕಡೆಯೂ ಇದ್ದದ್ದೇ. 'ಅಪ್ಪಾ, ನನಗೆ 1420 ಬಂದಿದ್ದರೂ ಇಲ್ಲೇ ಕಮ್ಮಿ ಆಗ್ತಿತ್ತು' ಅಂದ. ದೊಡ್ಡ ಸ್ಕಾಲರ್‌ಶಿಪ್ ಕಣ್ಣಿಗೆ ಬಿದ್ದ ಖುಷಿಯಲ್ಲಿ ಕೊನೆಗೆ ನಾವು ಕಟ್ಟಬೇಕಾದದ್ದು ಎಷ್ಟು ಅಂತ ನಾನು ನೋಡಿರಲೇ ಇಲ್ಲ. ಪ್ರತಿ ಕಾಲೇಜಿನ ಜಾಲತಾಣದಲ್ಲೂ ನೆಟ್ ಪ್ರೈಸ್ ಕ್ಯಾಲ್ಕುಲೇಟರ್ ಅಂತ ಒಂದಿದೆ, ಕಾನೂನಿನ ಪ್ರಕಾರ 2011ರಿಂದ ಇಡಲೇಬೇಕು. ಎಲ್ಲದರಲ್ಲೂ ಮೆರಿಟ್ ಲೆಕ್ಕ ಸರಿಯಾಗಿ ಬರುವುದಿಲ್ಲ, ಆದರೂ ಅಲ್ಲಿಂದ ಶುರು ಮಾಡಿ. ದಿನವಿಡೀ ಎಕ್ಸೆಲ್ಲಿನಲ್ಲಿ ಕೆಲಸ ಮಾಡುವವನು ನಾನು. ಈ ಲೆಕ್ಕ ಮಾಡಿದ್ದು ಹದಿನೇಳು ವರ್ಷದ ಹುಡುಗ.

ಪರೀಕ್ಷೆಗೆ 68 ಡಾಲರ್ ಅಷ್ಟೇ ತಾನೇ ಅನ್ನುತ್ತಾರೆ. ಹನ್ನೆರಡನೇ ಕ್ಲಾಸಿನ ಸೆಪ್ಟೆಂಬರ್, ಅಕ್ಟೋಬರ್ ಹೇಗಿರುತ್ತದೆ ಅಂತ ಮನೆಯಲ್ಲಿ ನೋಡಿದವರಿಗೆ ಗೊತ್ತು. ಎಪಿ ಅನ್ನುವ ಕಾಲೇಜು ಮಟ್ಟದ ಕ್ಲಾಸುಗಳು, ಕಾಲೇಜು ಅರ್ಜಿಯ ಪ್ರಬಂಧಗಳು, ಹಲವು ಕಡೆ ನವೆಂಬರ್ 1ರ ಗಡುವು. ಆ ಆರು ವಾರ ಪರೀಕ್ಷೆಗೆ ಹೋದರೆ ಪ್ರಬಂಧ ಹಾಳಾಗುತ್ತದೆ, ಕೆಲವೊಮ್ಮೆ ಜಿಪಿಎ ಬೀಳುತ್ತದೆ. ಜಿಪಿಎ ಅದೇ ಕೋಷ್ಟಕದ ಇನ್ನೊಂದು ಕಾಲಂ, ಮರೆಯಬೇಡಿ. ದುಡ್ಡು ಸಿಕ್ಕ ಮೇಲೂ ಉಳಿಸಿಕೊಳ್ಳಬೇಕು. ಝೆಲ್‌ಗೆ ಕಾಲೇಜಿನಲ್ಲಿ 3.3 ಇರಬೇಕು, ಹೋಪ್‌ಗೆ 3.0. ಎಂಜಿನಿಯರಿಂಗ್ ಮೊದಲ ವರ್ಷ ಅದು ಸುಮ್ನೆ ಬರುವ ಸಂಖ್ಯೆ ಅಲ್ಲ.

ನನ್ನ ಮಾತು ಇಷ್ಟು. ಈಗ ಪ್ರಶ್ನೆ ಕೇಳಿ.

(ಒಬ್ಬ ತಾಯಿ: 'ಎರಡನೇ ಸಲ ಕಡಿಮೆ ಬಂದರೆ ಕಾಲೇಜಿನವರಿಗೆ ಗೊತ್ತಾಗುತ್ತದಾ?')

ಹೆಚ್ಚಿನ ಕಡೆ ಯಾವ ದಿನದ ಅಂಕ ಕಳಿಸಬೇಕು ಅಂತ ನಾವೇ ಆರಿಸಬಹುದು. ಜಾರ್ಜ್‌ಟೌನ್‌ನಂಥ ಕೆಲವರು ಬರೆದ ಎಲ್ಲವನ್ನೂ ಕೇಳುತ್ತಾರೆ. ನಿಮ್ಮ ಪಟ್ಟಿಯಲ್ಲಿ ಅಂಥದ್ದು ಇದೆಯಾ ನೋಡಿಕೊಳ್ಳಿ.

(ಒಬ್ಬ ತಂದೆ: 'ನಮ್ಮವನು ಒಂಬತ್ತನೇ ಕ್ಲಾಸು. ಈಗಲೇ ಶುರು ಮಾಡಿಸಲಾ?')

ಬೇಡ ಸಾರ್. ಪುಸ್ತಕ ಓದಿಸಿ. ಕನ್ನಡದ್ದಾದರೂ ಆಗಬಹುದು, ಆದರೆ ಅವನು ನಿಮ್ಮ ಮಾತು ಕೇಳುತ್ತಾನಾ ಅನ್ನುವುದು ಬೇರೆ ಪ್ರಶ್ನೆ.

(ಮುಂದಿನ ಸಾಲಿನಲ್ಲಿ ಕೂತಿದ್ದ ಹುಡುಗಿ: 'ಅಂಕಲ್, ನನಗೆ 1490 ಇದೆ. ಅಪ್ಪ ಅಮ್ಮ ಸಾಕು ಅಂತಾರೆ. ನನ್ನ ಲಿಸ್ಟಲ್ಲಿ ಯಾವ ಮೆಟ್ಟಿಲೂ ಇಲ್ಲ. ಆದ್ರೂ ನನಗೆ 1500 ನೋಡ್ಬೇಕು ಅಂತಿದೆ.')

ಹಾಗಾದರೆ ಬರಿಯಮ್ಮ. ಆದರೆ ಸ್ಕಾಲರ್‌ಶಿಪ್‌ಗೆ ಅಂತ ಹೇಳಬೇಡ, ನನಗೆ ಬೇಕು ಅಂತ ಹೇಳು. ಆ 68 ಡಾಲರ್ ನಿನ್ನ ಬರ್ತ್‌ಡೇ ದುಡ್ಡಿನಿಂದ ಕೊಡು.

(ಹಿಂದಿನಿಂದ ಅವಳ ಅಪ್ಪ 'ಅರ್ಧ ನಾನು ಕೊಡ್ತೀನಿ' ಅಂದರು. ಎಲ್ಲರೂ ನಕ್ಕರು. ಅಷ್ಟು ಹೊತ್ತಿಗೆ ಊಟಕ್ಕೆ ಎಲೆ ಹಾಕಿದ್ದರು.)